ಕಟ್ಟೆಯವರೂ ಕಾಲೇಜಿನವರೂ

ಸಮಾಜಶಾಸ್ತ್ರವನ್ನು ಆರಿಸಿಕೊಂಡ ವಿದ್ಯಾರ್ಥಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ಮದುವೆಯ ಮನೆಯಲ್ಲಿ, ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಎಲ್ಲಿಗೆ ಹೋದರೂ ಯಾರಾದರೊಬ್ಬ ಹಿರಿಯರು "ಅದನ್ನೋದಿ ಏನು ಮಾಡ್ತೀಯಪ್ಪ?" ಎಂದು ಕೇಳಿಯೇ ಕೇಳುತ್ತಾರೆ. ರಸಾಯನಶಾಸ್ತ್ರದವನಿಗೆ ಸೀಸೆಗಳಿವೆ, ಭೂಗೋಳದವನಿಗೆ ನಕ್ಷೆಗಳಿವೆ. ನಮಗೇನಿದೆ? ನಾಲ್ಕು ಜನ ಕೂಡಿದ ಕಡೆ ನಡೆಯುವುದನ್ನು ನೋಡುವುದಷ್ಟೆ. ಅದನ್ನು ಅಕ್ಷರ ಬಾರದವರೂ ನೋಡುತ್ತಾರೆ, ಅನೇಕ ವೇಳೆ ನಮಗಿಂತ ಚೆನ್ನಾಗಿಯೇ ನೋಡುತ್ತಾರೆ. ಎರಡನೆಯ ವರ್ಷದಲ್ಲಿ ನಮ್ಮ ಅಧ್ಯಾಪಕರು ತರಗತಿಯಲ್ಲಿ ಅಮೆರಿಕದ ಒಬ್ಬ ಸಮಾಜಶಾಸ್ತ್ರಜ್ಞರ ಹೆಸರನ್ನು ಹೇಳಿ, ಅವರ ಪುಸ್ತಕವನ್ನು ಓದಿಕೊಳ್ಳಿ ಎಂದರು. ಓದಿದೆ. ಹಿರಿಯರ ಪ್ರಶ್ನೆಗೆ ಅದರಲ್ಲಿ ಉತ್ತರ ದೊರೆಯಿತೆಂದು ಹೇಳಲಾರೆ. ಆದರೆ ಅದಕ್ಕಿಂತ ಕಠಿಣವಾದ ಇನ್ನೊಂದು ಪ್ರಶ್ನೆ ಅಂದಿನಿಂದ ನನ್ನ ಬೆನ್ನು ಹತ್ತಿದೆ. ಅದು ನಮ್ಮ ಕಾಲೇಜಿನಲ್ಲಿ ಓದುವ ಹಲವರ ಪ್ರಶ್ನೆಯೂ ಹೌದೆಂದು ತೋರಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಆ ವಿದ್ವಾಂಸರು ವಿಲಿಯಂ ಫೂಟ್ ವೈಟ್. 1914ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ಹುಟ್ಟಿದವರು. ತಂದೆ ಕಾಲೇಜಿನಲ್ಲಿ ಪ್ರೊಫೆಸರು, ತಾತಂದಿರಲ್ಲಿ ಒಬ್ಬರು ವೈದ್ಯರು, ಇನ್ನೊಬ್ಬರು ಶಾಲೆಗಳ ಮೇಲ್ವಿಚಾರಕರು. ಹೊಟ್ಟೆಬಟ್ಟೆಯ ಚಿಂತೆಯಿಲ್ಲದೆ ಬೆಳೆದ ಈ ತರುಣನಿಗೆ ಸಾಹಿತಿಯಾಗಬೇಕೆಂಬ ಹಂಬಲವಿತ್ತು. ಆದರೆ ಬರೆಯುವುದಕ್ಕೆ ತನ್ನ ಬಾಳಿನಲ್ಲಿ ಏನೂ ನಡೆದೇ ಇಲ್ಲವಲ್ಲ ಎಂಬ ಕೊರಗೂ ಇತ್ತು. ಸ್ವಾರ್ಥ್‌ಮೋರ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿ 1936ರಲ್ಲಿ ಪದವಿ ಪಡೆದ ಕೂಡಲೇ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಒಂದು ಅಪರೂಪದ ವೇತನ ಒದಗಿತು. ಪರೀಕ್ಷೆಯಿಲ್ಲ, ಪದವಿಯ ಕಟ್ಟಿಲ್ಲ. ಮನಸ್ಸು ಬಂದುದನ್ನು ಅಭ್ಯಾಸ ಮಾಡಬಹುದು. ಇಂತಹ ವೇತನ ಕನಸಿನಲ್ಲಿಯೂ ನಮಗೆ ಬರುವುದಿಲ್ಲ, ಅದಿರಲಿ. ವೈಟರು ಆರಿಸಿಕೊಂಡುದು ಬಾಸ್ಟನ್ ನಗರದ ನಾರ್ತ್ ಎಂಡ್ ಎಂಬ ಕೇರಿಯನ್ನು. ಇಟಲಿಯಿಂದ ವಲಸೆ ಬಂದವರೂ ಅವರ ಮಕ್ಕಳೂ ಒತ್ತೊತ್ತಾಗಿ ತುಂಬಿದ್ದ ಸ್ಥಳ ಅದು. ಆರ್ಥಿಕ ಮುಗ್ಗಟ್ಟಿನ ಕಾಲ. ಕೆಲಸವಿಲ್ಲದ ತರುಣರು ಬೀದಿಯ ಮೂಲೆಗಳಲ್ಲಿ ಗುಂಪುಗೂಡಿ ನಿಲ್ಲುತ್ತಿದ್ದರು. ಇಂತಹ ಕೇರಿಗಳಲ್ಲಿ ಸಮಾಜದ ಕಟ್ಟುಪಾಡೇ ಸಡಿಲಿ ಹೋಗಿರುತ್ತದೆ, ಅಲ್ಲಿರುವುದು ಅವ್ಯವಸ್ಥೆ ಮಾತ್ರ ಎಂದು ಅಂದಿನ ವಿದ್ವಾಂಸರಲ್ಲಿ ಅನೇಕರು ನಂಬಿದ್ದರು.

ವೈಟರ ಆರಂಭ ನಗೆ ತರಿಸುವಂಥದು. ಮೊದಲಿಗೆ ಹತ್ತು ಜನ ಸಂಶೋಧಕರ ದೊಡ್ಡ ತಂಡದ ಯೋಜನೆ ಹಾಕಿದರು. ಹಿರಿಯರೊಬ್ಬರು ಅದನ್ನು ನೋಡಿ, ಏನೂ ಅರಿಯದವನು ಹತ್ತು ಜನರಿಗೆ ಏನು ಹೇಳಿಕೊಡುತ್ತಾನೆ ಎಂಬ ಅರ್ಥದಲ್ಲಿ ಟೀಕಿಸಿದಾಗ ಅದು ಕರಗಿತು. ಬಳಿಕ ಯಾರೋ ಹೇಳಿದ ಉಪಾಯವನ್ನು ನಂಬಿ ಆ ಕೇರಿಯ ಹೋಟೆಲೊಂದಕ್ಕೆ ಹೋದರು. ಒಬ್ಬ ಗಂಡಸು ಇಬ್ಬರು ಹೆಂಗಸರೊಡನೆ ಕುಳಿತಿದ್ದ. ವೈಟರು ವಿನಯದಿಂದ ಹತ್ತಿರ ಹೋಗಿ, ನಾನೂ ನಿಮ್ಮ ಜೊತೆ ಸೇರಬಹುದೆ ಎಂದು ಕೇಳಿದರು. ಆತನು ಒಮ್ಮೆ ನೋಡಿ, ಮಹಡಿಯ ಮೆಟ್ಟಿಲಿನಿಂದ ಕೆಳಕ್ಕೆ ಎಸೆಯಲೆ ಎಂದನಂತೆ. ಅಷ್ಟು ಶ್ರಮ ಬೇಡವೆಂದು ಹೇಳಿ ನಮ್ಮ ವಿದ್ವಾಂಸರು ತಾವೇ ಇಳಿದು ಬಂದರು. ಸಮಾಜಶಾಸ್ತ್ರದ ಇತಿಹಾಸದಲ್ಲಿ ಹೀಗೆ ಮೆಟ್ಟಿಲಿಳಿದ ಘಟನೆಗಳು ಇನ್ನೂ ಎಷ್ಟಿವೆಯೋ!

ಕೊನೆಗೆ ಅಲ್ಲಿನ ಸಮಾಜಸೇವಾ ಕೇಂದ್ರದವರು ಒಬ್ಬ ತರುಣನ ಪರಿಚಯ ಮಾಡಿಸಿದರು. ಅಂದು 1937ನೆಯ ಇಸವಿ ಫೆಬ್ರವರಿ 4ನೆಯ ತಾರೀಖು. ಪುಸ್ತಕದಲ್ಲಿ ಆತನ ಹೆಸರು 'ಡಾಕ್'. ನಿಜನಾಮವನ್ನು ವೈಟರು ಬಹುಕಾಲ ಮುಚ್ಚಿಟ್ಟಿದ್ದರು. ಡಾಕ್ ಬೀದಿಯ ಮೂಲೆಯೊಂದರ ಗುಂಪಿಗೆ ನಾಯಕ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎಡಗೈ ಸೊರಗಿತ್ತು. ಛಲ ಹಿಡಿದು ಆ ಕೈಯನ್ನು ಪಳಗಿಸಿಕೊಂಡಿದ್ದ. ಏನು ನೋಡಬೇಕೋ ಹೇಳಿ, ಕರೆದುಕೊಂಡು ಹೋಗುತ್ತೇನೆ, ನನ್ನ ಗೆಳೆಯನೆಂದರೆ ಯಾರೂ ನಿಮ್ಮನ್ನು ಮುಟ್ಟುವುದಿಲ್ಲ ಎಂದು ಅಭಯ ಕೊಟ್ಟ. ವೈಟರು ಅಲ್ಲಿಯೇ ಹೋಟೆಲು ನಡೆಸುತ್ತಿದ್ದ ಒಂದು ಇಟಾಲಿಯನ್ ಸಂಸಾರದ ಮನೆಯಲ್ಲಿ ಕೊಠಡಿ ಹಿಡಿದು ಒಂದೂವರೆ ವರ್ಷ ಬಾಳಿದರು. ಗ್ರಾಮಫೋನು ತಟ್ಟೆಗಳನ್ನು ಹಾಕಿಕೊಂಡು ಅವರ ಭಾಷೆಯನ್ನು ಕಲಿತರು. 1938ರಲ್ಲಿ ಮದುವೆಯಾದ ಮೇಲೆ ಹೆಂಡತಿಯನ್ನೂ ಅದೇ ಕೇರಿಗೆ ಕರೆತಂದರು. ಒಟ್ಟಿನಲ್ಲಿ ಆ ಕೇರಿಯೊಡನೆ ಅವರ ಒಡನಾಟ ಮೂರೂವರೆ ವರ್ಷದ್ದು.

ಅಲ್ಲಿ ಅವರು ಕಲಿತ ಎರಡು ಪಾಠಗಳನ್ನು ನಾವು ಪ್ರಶ್ನಾವಳಿಗಳನ್ನು ಹಂಚಲು ಹೊರಡುವ ಮುನ್ನ ನೆನೆಯುವುದು ಒಳ್ಳೆಯದು. ಒಂದು ದಿನ ಜೂಜಿನ ವ್ಯವಹಾರದವನೊಬ್ಬನು ಮಾತಿಗೆ ತೊಡಗಿದ್ದಾಗ, ಪೋಲೀಸರಿಗೆಲ್ಲ ಹಣ ಕೊಟ್ಟಿದ್ದಿರಲ್ಲವೆ ಎಂದು ವೈಟರು ನಡುವೆ ಬಾಯಿ ಹಾಕಿದರು. ಆತನು ಬೆಚ್ಚಿ ಮಾತನ್ನು ಬೇರೆ ಕಡೆಗೆ ತಿರುಗಿಸಿಬಿಟ್ಟ. ಯಾರು, ಏನು, ಏಕೆ ಎಂದು ಕೇಳುತ್ತ ಹೋದರೆ ಜನ ಬಾಯಿ ಮುಚ್ಚುತ್ತಾರೆ, ಸುಮ್ಮನೆ ಜೊತೆಯಲ್ಲಿದ್ದರೆ ಕೇಳದೆಯೇ ಎಲ್ಲ ತಿಳಿಯುತ್ತದೆ ಎಂಬುದನ್ನು ಮರುದಿನ ಡಾಕ್ ಅವರಿಗೆ ವಿವರಿಸಿದ. ಇನ್ನೊಂದು ಸಂಜೆ ಎಲ್ಲರೊಡನೆ ನಡೆದು ಹೋಗುತ್ತಿದ್ದಾಗ ತಾವೂ ಅವರಂತಾಗಬೇಕೆಂಬ ಉತ್ಸಾಹದಲ್ಲಿ ವೈಟರು ನಾಲ್ಕು ಕೆಟ್ಟ ಬೈಗುಳಗಳನ್ನು ಉದುರಿಸಿದರು. ಹುಡುಗರೆಲ್ಲ ನಿಂತುಬಿಟ್ಟರು. ಈ ಮಾತು ನಿಮ್ಮ ಬಾಯಿಗೆ ಒಪ್ಪುವುದಿಲ್ಲವೆಂದು ಡಾಕ್ ತಿಳಿಹೇಳಬೇಕಾಯಿತು. ವೈಟರು ತಮ್ಮಂತೆಯೇ ಆಗಲೆಂದು ಅವರು ಬಯಸಿರಲಿಲ್ಲ. ತಮ್ಮಲ್ಲಿ ಅವರಿಗೆ ನಿಜವಾದ ಆಸಕ್ತಿಯಿದ್ದರೆ ಸಾಕಾಗಿತ್ತು. ಹಳ್ಳಿಗೆ ಹೋದ ಕೂಡಲೇ ಭಾಷೆಯನ್ನು ಬೇಕೆಂದೇ ಒರಟುಗೊಳಿಸುವ ನಮ್ಮ ಕೆಲವು ಭಾಷಣಕಾರರಿಗೂ ಇದು ಹಿಡಿಸಬೇಕಾದ ಪಾಠ.

ಇನ್ನು ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಭಾಗಕ್ಕೆ ಬರುತ್ತೇನೆ. ಆ ಗುಂಪಿನವರಿಗೆ ಶನಿವಾರ ರಾತ್ರಿ ಬೌಲಿಂಗ್ ಆಟವೆಂದರೆ ಪ್ರಾಣ. ಇದು ಕ್ರಿಕೆಟ್ಟಿನ ಬೌಲಿಂಗ್ ಅಲ್ಲ. ಮರದ ಹಾಸಿನ ಮೇಲೆ ಚೆಂಡನ್ನು ಉರುಳಿಸಿ ದೂರದಲ್ಲಿ ನಿಲ್ಲಿಸಿದ ಗೂಟಗಳನ್ನು ಕೆಡಹುವ ಆಟ. ಅಲೆಕ್ ಎಂಬ ಹುಡುಗ ವಾರದ ದಿನಗಳಲ್ಲಿ ಬಹಳ ಚೆನ್ನಾಗಿ ಆಡುತ್ತಿದ್ದ. ಗುಂಪಿನಲ್ಲಿ ಅವನ ಸ್ಥಾನ ಮಾತ್ರ ಕೆಳಗಿನದು. 1938ರ ಏಪ್ರಿಲ್ ಕೊನೆಯಲ್ಲಿ ಹತ್ತು ಜನರ ನಡುವೆ ಪಂದ್ಯ ಏರ್ಪಟ್ಟಿತು. ಅಲೆಕ್ ಮೊದಲಿಗೆ ಮುಂದಿದ್ದ, ಕೊನೆಗೆ ಹತ್ತನೆಯವನಾದ. ಮೊದಲ ಸ್ಥಾನ ವೈಟರಿಗೇ ಬಂದಿತು. ಅವರ ಹಿಂದೆಯೇ ನಾಯಕನೂ ನಾಯಕನ ಆಪ್ತರೂ ನಿಂತರು. ಇದು ಮೋಸದ ಆಟವಲ್ಲ. ಯಾರೂ ಬೇಕೆಂದು ಸೋತವರಲ್ಲ. ಕೆಳಗಿನವನು ಮೇಲೇರತೊಡಗಿದರೆ ಸುತ್ತಲಿನವರ ಕೂಗಾಟ ಹೆಚ್ಚುತ್ತದೆ, ಅವನ ಕೈ ನಡುಗುತ್ತದೆ. ಮೇಲಿನವನು ತಪ್ಪಿದರೆ ಎಲ್ಲರೂ ಧೈರ್ಯ ಹೇಳುತ್ತಾರೆ, ಅವನ ಕೈ ಗಟ್ಟಿಯಾಗುತ್ತದೆ. ಗುಂಪು ನಮ್ಮನ್ನು ಏನೆಂದು ಬಗೆದಿದೆಯೋ ಅದು ನಮ್ಮ ತೋಳಿನ ಸ್ನಾಯುವಿನವರೆಗೂ ಇಳಿದಿರುತ್ತದೆ. ಮನೆಯಲ್ಲಿ ಸರಾಗವಾಗಿ ಓದುವ ಹುಡುಗ ತರಗತಿಯಲ್ಲಿ ಎದ್ದು ನಿಂತೊಡನೆ ತೊದಲುವುದನ್ನು ನಮ್ಮ ಅಧ್ಯಾಪಕರೆಲ್ಲ ಬಲ್ಲರು. ಅದಕ್ಕೆ ಬುದ್ಧಿಯ ಕೊರತೆಯೇ ಕಾರಣವಾಗಿರಬೇಕಾಗಿಲ್ಲ. ತರಗತಿಯಲ್ಲಿಯೂ ಒಂದು ಶನಿವಾರ ರಾತ್ರಿಯ ಆಟ ನಡೆದಿರುತ್ತದೆ.

ನಮ್ಮೂರಿನ ಬಸ್ ನಿಲ್ದಾಣದ ಪಕ್ಕದಲ್ಲಿ ಒಂದು ಅರಳಿಕಟ್ಟೆಯಿದೆ. ಅದರ ಎದುರಿಗೆ ನನ್ನ ಗೆಳೆಯನ ಪಂಕ್ಚರ್ ಅಂಗಡಿ. ಅವನ ಹೆಸರು ಇಲ್ಲಿ ಬೇಡ. ಒಂದನೆಯ ತರಗತಿಯಿಂದ ಎಸ್.ಎಸ್.ಎಲ್.ಸಿ.ಯವರೆಗೆ ನಾವಿಬ್ಬರೂ ಒಂದೇ ಬೆಂಚಿನವರು. ಗಣಿತದಲ್ಲಿ ಅವನೇ ನನಗೆ ಗುರು. ಅಕ್ಕನ ಮದುವೆಯ ಸಾಲ ತಲೆಯ ಮೇಲೆ ಬಂದುದರಿಂದ ಅವನು ಓದು ಬಿಟ್ಟ. ಈಗ ಸಂಜೆಯಾದರೆ ಕಟ್ಟೆಯ ಮೇಲೆ ಏಳೆಂಟು ಜನ ಸೇರುತ್ತಾರೆ. ಅವರಲ್ಲಿ ಇವನ ಮಾತೇ ಮಾತು. ಗಣೇಶೋತ್ಸವದ ಲೆಕ್ಕ ಇವನ ಕೈಯಲ್ಲಿ. ಯಾರ ಮನೆಯಲ್ಲಿ ಕಾಯಿಲೆಯೋ ಸಾವೋ ಆದರೆ ಮೊದಲು ಓಡುವವನು ಇವನು. ದಾರಿಯಲ್ಲಿ ಹೋಗುವ ದೊಡ್ಡವರು "ಕೆಲಸವಿಲ್ಲದ ಪೋಲಿಗಳು" ಎನ್ನುವುದು ಇವರನ್ನೇ.

ಪುಸ್ತಕ ಓದುತ್ತಿದ್ದ ದಿನಗಳಲ್ಲಿ ಒಂದು ಸಂಜೆ ಅಂಗಡಿಯಲ್ಲಿ ಕುಳಿತು ಡಾಕ್‌ನ ಕಥೆಯನ್ನು ಅವನಿಗೆ ಹೇಳಿದೆ. ಡಾಕ್‌ಗೆ ಕೆಲಸವಿರಲಿಲ್ಲ. ಕೆಲವು ಕಾಲ ಅವನಿಗೆ ತಲೆ ತಿರುಗುವ ರೋಗ ಹತ್ತಿತು. ಒಮ್ಮೆ ಶಾಸನಸಭೆಗೆ ಸ್ಪರ್ಧಿಸುವುದಾಗಿ ಹೊರಟು ನಡುವೆಯೇ ಹಿಂತೆಗೆದ. ಇಷ್ಟು ಹೇಳಿ, ಕಾರಣವೇನಿರಬಹುದೆಂಬುದನ್ನು ಮುಂದೆ ವಿವರಿಸಬೇಕೆಂದಿದ್ದೆ. ಅವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಎಲ್ಲೇಳುತ್ತದೆಂದು ನೋಡುತ್ತಿದ್ದವನು ತಲೆಯೆತ್ತದೆಯೇ, "ಕಾಯಿಲೆ ತಲೇದಲ್ಲ ಕಣೋ, ಜೇಬಿಂದು. ನಾಲ್ಕು ಜನಕ್ಕೆ ಟೀ ಕೊಡಿಸೋನ ಹತ್ರ ಕಾಸಿಲ್ಲ ಅಂದ್ರೆ ಅವನು ಜನರ ಮುಂದೆ ಹೆಂಗೆ ನಿಂತಾನು?" ಎಂದ.

ನಾನು ಬೆರಗಾದೆ. ವೈಟರು ಬಹುದಿನಗಳ ಟಿಪ್ಪಣಿಗಳನ್ನು ಹೋಲಿಸಿ ಕಂಡುಕೊಂಡುದೂ ಇದನ್ನೇ. ನಾಯಕನಾದವನು ಗೆಳೆಯರಿಂದ ಪಡೆಯುವುದಕ್ಕಿಂತ ಹೆಚ್ಚಾಗಿ ಅವರಿಗೆ ಕೊಡಬೇಕು. ಕೈ ಬರಿದಾದಾಗ ಅವನು ಗೆಳೆಯರಿಂದ ದೂರವಾಗಬೇಕಾಗುತ್ತದೆ, ಆ ದೂರವೇ ಅವನ ದೇಹವನ್ನು ಕಾಡುತ್ತದೆ. ಚುನಾವಣೆಯಲ್ಲಿಯೂ ಅಷ್ಟೆ. ಅಭ್ಯರ್ಥಿಯಾದವನು ಅಂಗಡಿಯೊಳಕ್ಕೆ ಕಾಲಿಟ್ಟರೆ ಅಲ್ಲಿದ್ದವರಿಗೆಲ್ಲ ಸಿಗರೇಟು ಕೊಡಿಸಬೇಕು. ಡಾಕ್‌ಗೆ ಒಂದು ಮನರಂಜನಾ ಕೇಂದ್ರವನ್ನು ನಡೆಸುವ ಕೆಲಸ ದೊರೆತಾಗ ತಲೆ ತಿರುಗುವುದು ನಿಂತಿತು. ಹಾರ್ವರ್ಡಿನ ವಿದ್ವಾಂಸರು ಶ್ರಮಪಟ್ಟು ತಲುಪಿದ ಸ್ಥಳಕ್ಕೆ ನನ್ನ ಗೆಳೆಯ ಒಂದು ಟ್ಯೂಬಿನ ತೂತು ಹುಡುಕುವಷ್ಟರಲ್ಲಿ ತಲುಪಿದ್ದ. ಇದರಿಂದ ವೈಟರ ಹಿರಿಮೆ ಕುಗ್ಗುವುದಿಲ್ಲ. ಕಟ್ಟೆಯವನಿಗೆ ಗೊತ್ತಿದ್ದುದನ್ನು ವಿಶ್ವವಿದ್ಯಾಲಯಕ್ಕೂ ಗೊತ್ತು ಮಾಡಿಸಿದುದೇ ಅವರ ಹಿರಿಮೆ.

ಆ ಕೇರಿಯಲ್ಲಿ ವೈಟರು ಎರಡು ಬಗೆಯ ತರುಣರನ್ನು ಕಂಡರು: ಬೀದಿಮೂಲೆಯ ಹುಡುಗರು, ಕಾಲೇಜಿನ ಹುಡುಗರು. ಇಬ್ಬರೂ ಅದೇ ಬೀದಿಗಳಲ್ಲಿ ಬೆಳೆದವರು. ಮುಂದೆ ಬರಬೇಕೆಂಬ ಆಸೆ ಇಬ್ಬರಿಗೂ ಇತ್ತು. ಕಾಲೇಜಿನವರ ಕೂಟವನ್ನು ಕಟ್ಟಿದ ಚಿಕ್ ಎಂಬಾತ ಕಾನೂನು ಓದಿ ಮೇಲೇರಿದ. ಡಾಕ್ ಬುದ್ಧಿಯಲ್ಲಿ ಅವನಿಗಿಂತ ಕಡಿಮೆಯವನಾಗಿರಲಿಲ್ಲ. ಹಾಗಾದರೆ ವ್ಯತ್ಯಾಸವೇನು? ಬೀದಿಮೂಲೆಯವನ ಕೈಗೆ ನಾಲ್ಕು ಕಾಸು ಬಂದರೆ ಗೆಳೆಯರಿಗೆ ಖರ್ಚಾಗುತ್ತದೆ. ಕಾಲೇಜಿನವನು ಅದನ್ನು ಉಳಿಸುತ್ತಾನೆ, ಉಳಿಸಲೇಬೇಕು. ಒಬ್ಬನು ಗೆಳೆಯರಿಗೆ ಕಟ್ಟುಬೀಳುತ್ತಾನೆ. ಇನ್ನೊಬ್ಬನು ಹಾಗೆ ಕಟ್ಟುಬೀಳದೆಯೋ ಬಿದ್ದ ಕಟ್ಟನ್ನು ಬಿಚ್ಚಿಕೊಂಡೋ ಮುಂದೆ ಸಾಗುತ್ತಾನೆ. ಶಾಲೆಯೂ ಸಮಾಜಸೇವಾ ಕೇಂದ್ರವೂ ಬೆನ್ನು ತಟ್ಟುವುದು ಈ ಎರಡನೆಯವನನ್ನೇ. ಮೇಲೇರುವ ಏಣಿ ಒಬ್ಬೊಬ್ಬರೇ ಹತ್ತುವಷ್ಟು ಇಕ್ಕಟ್ಟಾಗಿದೆ. ಹತ್ತದೆ ಉಳಿದವರನ್ನು ಸೋಮಾರಿಗಳೆಂದು ಕರೆಯುವುದು ಸುಲಭ. ಅವರಲ್ಲಿ ಅನೇಕರನ್ನು ಕೆಳಗೆ ಹಿಡಿದಿರುವುದು ಅವರ ಔದಾರ್ಯ ಎಂಬುದು ಹತ್ತಿರ ಹೋಗಿ ನಿಂತವರಿಗೆ ಮಾತ್ರ ಕಾಣುತ್ತದೆ.

ಇದನ್ನು ಓದಿದಾಗ ಬಾಸ್ಟನ್ ನನಗೆ ದೂರವೆನ್ನಿಸಲಿಲ್ಲ. ನನ್ನ ಗೆಳೆಯ ಒಂದು ಗಾಳಿ ಮೆಷೀನು ಕೊಳ್ಳಬೇಕೆಂದು ಎರಡು ವರ್ಷ ಹಣ ಕೂಡಿಟ್ಟಿದ್ದ. ಅದು ಬಂದರೆ ಲಾರಿಗಳೂ ಅವನ ಅಂಗಡಿಯ ಮುಂದೆ ನಿಲ್ಲುತ್ತಿದ್ದುವು. ಕಟ್ಟೆಯ ಹುಡುಗನೊಬ್ಬನ ತಾಯಿಗೆ ಶಸ್ತ್ರಚಿಕಿತ್ಸೆಯಾಗಬೇಕೆಂದಾಗ ಆ ಹಣವಷ್ಟೂ ಹೋಯಿತು. ನನ್ನ ಮೊದಲ ವರ್ಷದ ಪರೀಕ್ಷೆಯ ಶುಲ್ಕವನ್ನೂ ಅವನೇ ಕಟ್ಟಿದ್ದ, ಹಿಂದಿರುಗಿಸಲು ಹೋದರೆ "ಲೆಕ್ಕ ಯಾಕೋ?" ಎಂದು ಕೈ ತಳ್ಳಿದ. ನನಗೆ ಬರುವ ವಿದ್ಯಾರ್ಥಿವೇತನ ಬಿ.ಎಡ್. ಸೇರುವುದಕ್ಕೆಂದು ಬ್ಯಾಂಕಿನಲ್ಲಿದೆ. ಅದನ್ನು ಮುಟ್ಟುವ ಹಾಗಿಲ್ಲ. ಮನೆಯಲ್ಲಿ ನನ್ನ ಹಿಂದೆ ಇಬ್ಬರು ತಂಗಿಯರಿದ್ದಾರೆ. ಹೀಗೆ ಅವನು ಖರ್ಚು ಮಾಡುವವನು, ನಾನು ಉಳಿಸುವವನು. ಇದರಲ್ಲಿ ಅವನು ಮೂರ್ಖನೂ ಅಲ್ಲ, ನಾನು ಸ್ವಾರ್ಥಿಯೂ ಅಲ್ಲ. ಇಬ್ಬರೂ ನಮ್ಮ ನಮ್ಮ ದಾರಿಯ ನಿಯಮವನ್ನು ನಡೆಸುತ್ತಿದ್ದೇವೆ. ಆದರೆ ಈ ಎರಡು ದಾರಿಗಳು ವರ್ಷದಿಂದ ವರ್ಷಕ್ಕೆ ದೂರವಾಗುತ್ತಿರುವುದನ್ನು ಇಬ್ಬರೂ ಬಲ್ಲೆವು. ಈಚೆಗೆ ಅವನು ಬೇರೆಯವರ ಮುಂದೆ ನನ್ನನ್ನು "ನಮ್ಮ ಮೇಷ್ಟ್ರು" ಎನ್ನುತ್ತಾನೆ. ಅದರಲ್ಲಿ ಹೆಮ್ಮೆಯೂ ಇದೆ, ಒಂದು ಅಂಗುಲದಷ್ಟು ದೂರವೂ ಇದೆ.

ವೈಟರ ಬಾಳಿನಲ್ಲಿಯೂ ಈ ದೂರ ಬೆಳೆಯಿತು. 1940ರಲ್ಲಿ ಅವರು ಶಿಕಾಗೋ ವಿಶ್ವವಿದ್ಯಾಲಯಕ್ಕೆ ಹೋದರು. 1943ರಲ್ಲಿ ಡಾಕ್ಟರೇಟ್ ಬಂದಿತು, ಅದೇ ವರ್ಷ 'ಸ್ಟ್ರೀಟ್ ಕಾರ್ನರ್ ಸೊಸೈಟಿ' ಪ್ರಕಟವಾಯಿತು. ಕೊಳೆಗೇರಿಯಲ್ಲಿ ಇರುವುದು ಅವ್ಯವಸ್ಥೆಯಲ್ಲ, ಹೊರಗಿನವರಿಗೆ ಕಾಣದ ಅದರದೇ ಆದ ವ್ಯವಸ್ಥೆ ಎಂಬುದೇ ಅದರ ಸಾರ. ವಿಧಿಯಾಟವೆಂಬಂತೆ ಅದೇ 1943ರಲ್ಲಿ ವೈಟರಿಗೂ ಪೋಲಿಯೋ ತಗುಲಿತು; ಉಳಿದ ಆಯುಷ್ಯವನ್ನೆಲ್ಲ ಅವರು ಊರುಗೋಲಿನ ಆಸರೆಯಲ್ಲಿ ನಡೆದರು. 1948ರಿಂದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರಾಗಿ ಕಾರ್ಖಾನೆಗಳನ್ನು, ಪೆರು ದೇಶದ ಹಳ್ಳಿಗಳನ್ನು, ಸ್ಪೇನಿನ ಮೊಂಡ್ರಾಗಾನ್ ಸಹಕಾರ ಸಂಘಗಳನ್ನು ಅಭ್ಯಾಸ ಮಾಡಿದರು. 1981ರಲ್ಲಿ ಅಮೆರಿಕದ ಸಮಾಜಶಾಸ್ತ್ರ ಸಂಘಕ್ಕೆ ಅಧ್ಯಕ್ಷರಾದರು. 2000ದ ಜುಲೈಯಲ್ಲಿ ತೀರಿಕೊಂಡರು. ಪುಸ್ತಕದಲ್ಲಿನ ಡಾಕ್ ತಾನೇ ಎಂಬುದು ಹರಡುವುದು ಅವನಿಗೆ ಇಷ್ಟವಿರಲಿಲ್ಲ.

1992ರಲ್ಲಿ ಈ ಪುಸ್ತಕದ ಮೇಲೆ ದೊಡ್ಡ ವಿವಾದವೇ ಎದ್ದಿತು. ನಾರ್ತ್ ಎಂಡಿನ ಜನರನ್ನು ಮತ್ತೆ ಕಂಡುಬಂದ ಸಂಶೋಧಕಿಯೊಬ್ಬರು, ವೈಟರು ಆ ಜೀವನವನ್ನು ಸರಿಯಾಗಿ ಅರಿಯಲಿಲ್ಲ, ಬೀದಿಯಲ್ಲಿ ಗುಂಪುಗೂಡುವುದು ಇಟಲಿಯ ಹಳ್ಳಿಗಳಿಂದ ಬಂದ ರೂಢಿ, ಬರೆದುದನ್ನು ಆ ಜನಕ್ಕೆ ತೋರಿಸಲಿಲ್ಲ ಎಂದೆಲ್ಲ ಆಕ್ಷೇಪಿಸಿದರು. ವೈಟರು ಉತ್ತರ ಕೊಟ್ಟರು. ಅವರ ಪರವಾಗಿ ಬರೆದವರಲ್ಲಿ ಏಂಜೆಲೊ ರಾಲ್ಫ್ ಓರ್ಲಾಂಡೆಲ್ಲ ಎಂಬವರೂ ಒಬ್ಬರು. ಹಿಂದೆ ಅದೇ ಕೇರಿಯ ಬೀದಿಮೂಲೆಯ ಹುಡುಗರಲ್ಲೊಬ್ಬರಾಗಿದ್ದು ವೈಟರ ಸಹಾಯಕರಾಗಿ ದುಡಿದವರು ಅವರು. ಆ ಒಡನಾಟ ತಮ್ಮ ಬಾಳನ್ನು ತಿದ್ದಿತೆಂದು ಕೃತಜ್ಞತೆಯಿಂದ ನೆನೆದಿದ್ದಾರೆ. ವಿವಾದದಲ್ಲಿ ಯಾರು ಗೆದ್ದರೆಂಬುದನ್ನು ನಿರ್ಣಯಿಸುವ ಯೋಗ್ಯತೆ ನನಗಿಲ್ಲ. ಆದರೆ ಒಬ್ಬರ ಬಾಳನ್ನು ಬರೆದು ನಾವು ಮೇಲೆ ಬಂದರೆ ಅವರಿಗೆ ನಾವು ಏನನ್ನು ಸಲ್ಲಿಸಬೇಕು ಎಂಬ ಪ್ರಶ್ನೆ ಐವತ್ತು ವರ್ಷ ಕಳೆದರೂ ಸಾಯಲಿಲ್ಲ ಎಂಬುದನ್ನು ಗಮನಿಸಬೇಕು. ಬಹುಶಃ ವೈಟರನ್ನೂ ಅದು ಬಿಡಲಿಲ್ಲ. ಅಧ್ಯಯನಕ್ಕೆ ಒಳಗಾಗುವ ಜನರನ್ನೇ ಅಧ್ಯಯನದಲ್ಲಿ ಪಾಲುದಾರರನ್ನಾಗಿ ಮಾಡಿಕೊಳ್ಳಬೇಕು ಎಂಬುದನ್ನೇ ಅವರು ಕೊನೆಯ ದಶಕಗಳಲ್ಲಿ ಪ್ರತಿಪಾದಿಸಿದರು.

ಕನ್ನಡ ನಾಡಿನ ವಿದ್ಯಾರ್ಥಿಗೆ ಇಲ್ಲಿ ಮೈಸೂರಿನ ಎಂ. ಎನ್. ಶ್ರೀನಿವಾಸರ ನೆನಪಾಗದಿರದು. ಅವರು 1948ರಲ್ಲಿ ಮೈಸೂರಿಗೆ ಸಮೀಪದ ಒಂದು ಹಳ್ಳಿಗೆ ಹೋಗಿ ನೆಲೆಸಿ ಜನರೊಡನೆ ಬಾಳಿದರು. ಪುಸ್ತಕದಲ್ಲಿ ಅದನ್ನು ರಾಂಪುರವೆಂದು ಕರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿ ಬಿದ್ದು, ಅವರು ವರ್ಷಗಟ್ಟಲೆ ಅಣಿಗೊಳಿಸಿದ್ದ ಟಿಪ್ಪಣಿಗಳು ನಾಶವಾದುವು. ಬಹುಮಟ್ಟಿಗೆ ನೆನಪನ್ನೇ ನೆಚ್ಚಿ ಬರೆದು 1976ರಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ಪ್ರಕಟಿಸಿದರು. ಕಾಗದ ಸುಟ್ಟರೂ ಜನ ಮನಸ್ಸಿನಲ್ಲಿ ಉಳಿದಿದ್ದರು. ಜೊತೆಯಲ್ಲಿ ಬಾಳಿದುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೆ?

ವೈಟರೂ ಶ್ರೀನಿವಾಸರೂ ತಮ್ಮ ಮನೆಗಳಿಂದ ಹೊರಟು ಇನ್ನೊಬ್ಬರ ಊರಿಗೆ ಹೋದವರು. ಸರಕಾರಿ ಕಾಲೇಜಿನಲ್ಲಿ ಓದುವ ನಮ್ಮಲ್ಲಿ ಬಹುಮಂದಿಯ ಪಯಣ ಅದಕ್ಕೆ ಎದುರು ದಿಕ್ಕಿನದು. ನಾವು ಕಟ್ಟೆಯಿಂದ ಹೊರಟು ಪುಸ್ತಕಕ್ಕೆ ಬಂದವರು. ಕಟ್ಟೆಯವರ ಭಾಷೆಯನ್ನು ನಾವು ಗ್ರಾಮಫೋನಿನಿಂದ ಕಲಿಯಬೇಕಾಗಿಲ್ಲ, ಮರೆಯದಿದ್ದರೆ ಸಾಕು. ಪದವಿ ಪಡೆದು ನಾಳೆ ನಾವು ಅಧ್ಯಾಪಕರೋ ಗುಮಾಸ್ತರೋ ಅಧಿಕಾರಿಗಳೋ ಆಗಬಹುದು. ಅಂದು ನಮ್ಮ ಮೇಜಿನ ಮುಂದೆ ಬಂದು ನಿಲ್ಲುವ ತರುಣನನ್ನು ಪೋಲಿ ಎನ್ನುವ ಮೊದಲು, ಇವನ ಜೇಬು ಯಾರಿಗಾಗಿ ಬರಿದಾಯಿತು ಎಂದು ಒಂದು ಕ್ಷಣ ಯೋಚಿಸಿದರೆ ಸಮಾಜಶಾಸ್ತ್ರ ಓದಿದುದು ಸಾರ್ಥಕ. ಏಣಿ ಇಕ್ಕಟ್ಟಾಗಿರುವುದು ನಿಜ. ಅದನ್ನು ಅಗಲ ಮಾಡುವುದು ಒಬ್ಬನಿಂದಾಗುವ ಕೆಲಸವಲ್ಲ. ಆದರೆ ಹತ್ತಿದವನು ಏಣಿಯನ್ನು ಮೇಲಕ್ಕೆಳೆದುಕೊಳ್ಳದಿರುವುದು ಪ್ರತಿಯೊಬ್ಬನ ಕೈಯಲ್ಲಿದೆ.

ಈ ವರ್ಷ ಪದವಿ ತರಗತಿಗೆ ನಾನು ಬರೆಯಬೇಕಾದ ಪ್ರಬಂಧಕ್ಕೆ ನಮ್ಮೂರ ಕಟ್ಟೆಯನ್ನೇ ವಿಷಯವನ್ನಾಗಿ ತೆಗೆದುಕೊಂಡಿದ್ದೇನೆ. ಬರೆದಷ್ಟನ್ನೂ ಗೆಳೆಯನಿಗೆ ಓದಿ ಹೇಳುತ್ತಿದ್ದೇನೆ. ಮೊದಲನೆಯ ಅಧ್ಯಾಯದಲ್ಲಿ ಅವನು ಮೂರು ಕಡೆ "ಇದು ಹಿಂಗಲ್ಲ" ಎಂದ. ಮೂರು ಕಡೆಯೂ ಅವನು ಹೇಳಿದುದೇ ಸರಿಯಾಗಿತ್ತು. ಎರಡನೆಯ ಅಧ್ಯಾಯ ಇನ್ನೂ ಅವನ ಕಿವಿಗೆ ಬಿದ್ದಿಲ್ಲ. ಅವನು ಒಪ್ಪಿದ ಮೇಲೆಯೇ ಅದು ನಮ್ಮ ಅಧ್ಯಾಪಕರ ಕೈ ಸೇರುವುದು.